ಎಂಟು ಸಲ ರಾಜನಾದ ಮಾದಪ್ಪ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯ ತಗಡಿನ ಶೆಡ್ಡಿನಡಿ ಮಾದಪ್ಪ ಈರುಳ್ಳಿ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಸಣ್ಣ ಈರುಳ್ಳಿ ತುಂಬಿದ ಚೀಲವನ್ನು ಕಾಲುಗಳ ನಡುವೆ ಒತ್ತಿ ನಿಲ್ಲಿಸಿಕೊಂಡು, ಬಾಯಿಯ ಎರಡೂ ಅಂಚು ಸೇರಿಸಿ, ದಬ್ಬಳವನ್ನು ಅತ್ತಲಿಂದಿತ್ತ ತೂರಿಸಿ ಸುತಲಿ ದಾರ ಎಳೆಯುವುದು. ಒಂದು ಚೀಲಕ್ಕೆ ಏಳು ಹೊಲಿಗೆ, ಎರಡು ತುದಿಗೆ ಎರಡು ಕಿವಿ. ಕಿವಿ ಬಿಡದಿದ್ದರೆ ಹೊರುವವರಿಗೆ ಹಿಡಿತ ಸಿಗುವುದಿಲ್ಲ. ಆರು ವರ್ಷದ ಹಿಂದೆ ಬಲ ಮೊಣಕಾಲು ಕೈಕೊಡುವ ತನಕ ಅವರೂ ಹೊರುತ್ತಿದ್ದರು. ಈಗ ಹೊಲಿಗೆ ಮಾತ್ರ. ವಯಸ್ಸು ಅರವತ್ತೊಂದು.

ಕೇರಳಕ್ಕೆ ಹೊರಟ ಲಾರಿ ಹಿಂದಿನ ಬಾಗಿಲು ಇಳಿಸಿಕೊಂಡು ನಿಂತಿತ್ತು. ಚೀಲ ಹೊತ್ತು ಹಾಕುವ ಶಿವಮಲ್ಲು ಹೆಗಲ ಟವೆಲನ್ನು ಕೊಡವಿಕೊಂಡು ಬಂದು ಎದುರಿಗೆ ನಿಂತ.

"ಮಾರಾಜ್ರೇ, ದಂಡು ಒಂಟು ನಿಂತದೆ. ವಸಿ ಬಿರ್ರನೆ ಒಲೀರಿ."

"ಈರುಳ್ಳಿ ತಕ್ಕಂಡು ದಂಡೆತ್ತಿ ಓದೋರ್ನ ಎಲ್ಲಾರ ಕಂಡಿದ್ದೀಯ? ಓಗ್ಲಾ," ಎಂದರು ಮಾದಪ್ಪ, ತಲೆ ಎತ್ತದೆ.

ಮಾರುಕಟ್ಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತೂಕದವರು, ಟೀ ತರುವ ಮಲಯಾಳಿ ಚೇಟ, ಕಮಿಷನ್ ಮಂಡಿಯ ರೈಟರ್, ಎಲ್ಲರಿಗೂ ಅವರು ಮಹಾರಾಜರೇ. ಹೆಸರು ತಮಾಷೆಯದು. ಆದರೆ ಹಮಾಲಿಗಳ ನಡುವೆ ಸರದಿಯ ವಿಚಾರಕ್ಕೆ ಜಗಳ ಹತ್ತಿದರೆ, "ಮಾರಾಜ್ರನ್ನ ಕೇಳನ" ಎಂದು ಅವರ ಹತ್ತಿರ ಬರುವುದೂ ಇದೆ. ತಮಾಷೆ ಎಲ್ಲಿ ಮುಗಿಯಿತು, ಮರ್ಯಾದೆ ಎಲ್ಲಿ ಶುರುವಾಯಿತು ಎಂದು ಅಲ್ಲಿ ಯಾರೂ ಗೆರೆ ಎಳೆದಿಲ್ಲ.

ಮೇಲ್ತುಟಿಯ ಮೀಸೆ ಎರಡೂ ಕಡೆ ಕೆನ್ನೆಗೆ ಏರಿತ್ತು. ದೀಪಾವಳಿಯಿಂದಾಚೆಗೆ ಅವರು ಅದಕ್ಕೆ ಕತ್ತರಿ ಮುಟ್ಟಿಸುವುದಿಲ್ಲ. ಜನವರಿಯ ಎರಡನೇ ಭಾನುವಾರಕ್ಕೆ ಅದು ಇಷ್ಟು ಬೆಳೆದಿರಬೇಕು. ಆ ಭಾನುವಾರಕ್ಕೆ ಇನ್ನು ಹದಿಮೂರೇ ದಿನ. ಪ್ರತಿವರ್ಷ ಇಷ್ಟು ಹೊತ್ತಿಗೆ, ಉಡುಪು ಅಳತೆ ನೋಡಲು ಬಾ ಎಂದು ಹಬ್ಬದ ಸಮಿತಿಯ ಬಸವಪ್ರಸಾದರ ಫೋನು ಬಂದಿರುತ್ತಿತ್ತು. ಈ ವರ್ಷ ಬಂದಿರಲಿಲ್ಲ. ಚೀಲದಿಂದ ಚೀಲಕ್ಕೆ ಸರಿಯುವಾಗೆಲ್ಲ ಮಾದಪ್ಪ ಅಂಗಿ ಜೇಬಿನ ಫೋನನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಇನ್ನೂರು ವರ್ಷದ ಹಿಂದೆ, ಸಾವಿರದ ಎಂಟುನೂರ ಹದಿನೆಂಟರಲ್ಲಿ, ಮೈಸೂರಿನ ಅರಸರು ಆ ಹೆಸರು ತೆಗೆದು ಈಗಿನ ಹೆಸರಿಟ್ಟರು. ಅದರ ನೆನಪಿಗೆ ಪಟ್ಟಣದ ಕೆಲವು ವರ್ತಕ ಮನೆತನಗಳು ಸೇರಿ ಹತ್ತು ವರ್ಷದ ಹಿಂದೆ ಒಂದು ಸಮಿತಿ ಮಾಡಿಕೊಂಡು, ಊರಿನ ನಾಮಕರಣ ಹಬ್ಬ ಎಂಬ ಕುಟುಂಬ ಮೇಳ ಶುರುಮಾಡಿದರು. ಮೈದಾನದಲ್ಲಿ ಶಾಮಿಯಾನ. ಅತ್ತೆ ಸೊಸೆಯರಿಗೆ ಜೋಡಿ ರಂಗೋಲಿ, ಗಂಡ ಹೆಂಡಿರಿಗೆ ಮೂರುಕಾಲಿನ ಓಟ, ಮಕ್ಕಳಿಗೆ ಚಮಚದ ಮೇಲೆ ನಿಂಬೆಹಣ್ಣು, ತಾತಂದಿರಿಗೆ ಮೈಸೂರು ಪೇಟ ಸುತ್ತುವ ಪಂದ್ಯ. ಮಧ್ಯಾಹ್ನ ರಾಜರ ಮೆರವಣಿಗೆ, ರಾಜಸಭೆ, ಹೆಸರಿಡುವ ಘೋಷಣೆ. ಕೊನೆಗೆ ರಾಜರ ಜೊತೆ ಒಂದೊಂದು ಮನೆಯವರ ಫೋಟೊ.

ಮೊದಲ ವರ್ಷ ರಾಜನ ಪಾರ್ಟು ಯಾರಿಗೆ ಎಂಬಲ್ಲಿಗೆ ಹಬ್ಬ ನಿಂತುಹೋಗುವುದರಲ್ಲಿತ್ತು. ಪ್ರತಿ ಮನೆತನಕ್ಕೂ ತನ್ನವನೇ ಆಗಬೇಕು. ಒಬ್ಬರ ಮನೆಯವನು ಸಿಂಹಾಸನದಲ್ಲಿ ಕೂತು ಇನ್ನೊಬ್ಬರು ಅವನೆದುರು ಬಗ್ಗುವುದು ಸುತರಾಂ ಆಗದು. ಎರಡು ಸಭೆ ಮುರಿದವು. ಮೂರನೆಯದರಲ್ಲಿ ಅಧ್ಯಕ್ಷ ಬಸವಪ್ರಸಾದರು ತಮ್ಮೂರು ಉಡಿಗಾಲದ ಮಾದಪ್ಪನ ಹೆಸರು ಹೇಳಿದರು. ಕೇರಿಯ ಪೌರಾಣಿಕ ನಾಟಕದಲ್ಲಿ ಇಪ್ಪತ್ತು ವರ್ಷ ರಾಜನ ಪಾರ್ಟು ಕಟ್ಟಿದ ಆಳು, ಗಂಟಲು ಚೆನ್ನಾಗಿದೆ, ಬಿಸಿಲಲ್ಲಿ ಆರು ಗಂಟೆ ಕೂತರೂ ಕಮಕ್ ಕಿಮಕ್ ಎನ್ನುವುದಿಲ್ಲ. ಇವು ಅವರು ಕೊಟ್ಟ ಕಾರಣಗಳು. ಕೊಡದ ಕಾರಣ ಎಲ್ಲರಿಗೂ ತಿಳಿಯಿತು. ಮಾದಪ್ಪನನ್ನು ಅಲ್ಲಿದ್ದ ಯಾರೂ ತಮಗೆ ಸರಿಸಮ ಎಂದು ಎಣಿಸಿರಲಿಲ್ಲ. ಆದ್ದರಿಂದ ಅವರೆದುರು ಬಗ್ಗಿದರೆ ಯಾರಿಗೂ ಬಗ್ಗಿದಂತಾಗುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಸಭೆ ಮುಗಿಯಿತು.

ಕೊರೊನಾದ ಎರಡು ವರ್ಷ ಬಿಟ್ಟರೆ ಎಂಟು ಸಲ ಮಾದಪ್ಪ ರಾಜರಾದರು. ಕುಟುಂಬ ಮೇಳವಾದ್ದರಿಂದ ರಾಜರೂ ಕುಟುಂಬ ಸಮೇತ ಬರಬೇಕೆಂಬುದು ಸಮಿತಿಯ ನಿಯಮ. ಹಾಗಾಗಿ ಹೆಂಡತಿ ಚಾಮುಂಡಿ ಎಂಟು ಸಲ ರಾಣಿಯಾಗಿ ಪಕ್ಕದ ಕುರ್ಚಿಯಲ್ಲಿ ಕೂತರು. ಅವರಿಗೆ ಮಾತಿಲ್ಲ, ಕೂರುವುದಷ್ಟೇ ಪಾರ್ಟು.

ಆಮಂತ್ರಣ ಪತ್ರಿಕೆಯ ಮೇಲೆ, ರಸ್ತೆಯ ಫ್ಲೆಕ್ಸುಗಳ ಮೇಲೆ ಪ್ರತಿವರ್ಷ ಮಾದಪ್ಪನವರ ಫೋಟೊ. ಕೆಳಗೆ ಶ್ರೀ ಚಾಮರಾಜ ಒಡೆಯರ್ ಎಂದು ಅಚ್ಚು. ಖಾಸಗಿ ಶಾಲೆಯೊಂದು ಗೋಡೆಯ ಮೇಲಿನ ಮಹನೀಯರ ಸಾಲಿಗೂ ಅದೇ ಫೋಟೊ ಅಂಟಿಸಿದೆ. ಪಟ್ಟಣದ ನೂರಾರು ಮನೆಗಳ ಷೋಕೇಸಿನಲ್ಲಿ ಆ ಮನೆಯ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಮಾದಪ್ಪ ಇದ್ದಾರೆ. ಎರಡು ವರ್ಷದ ಹಿಂದೆ ಮದುವೆಮನೆಯೊಂದಕ್ಕೆ ಈರುಳ್ಳಿ ಇಳಿಸಲು ಆಳುಗಳ ಜೊತೆ ಹೋದಾಗ ಮೆಟ್ಟಿಲ ಬಳಿ ನಿಂತೇ ಅವರಿಗೆ ಅಂಥದೊಂದು ಫೋಟೊ ಕಂಡಿತು. ಒಳಗಿನ ಹಜಾರದಲ್ಲಿ, ಟಿವಿಯ ಪಕ್ಕ. ಮನೆಯಾಕೆ ತಂದುಕೊಟ್ಟ ನೀರನ್ನು ಅವರು ಮೆಟ್ಟಿಲ ಮೇಲೆಯೇ ಕುಡಿದರು. ಇದನ್ನು ಅವರು ಯಾರಿಗೂ ದೂರಿನಂತೆ ಹೇಳಿಲ್ಲ. ಚಾಮುಂಡಿಗೆ ಒಮ್ಮೆ ಹೇಳಿದ್ದಾರೆ: "ನಾನು ಒಳಗೂ ಇದ್ದೆ ಕಣಮ್ಮಿ, ಈಚೆಗೂ ಇದ್ದೆ."

ಫೋನು ಬಂದದ್ದು ಬುಧವಾರ. ಉಡುಪಿನ ಮಾತಿರಲಿಲ್ಲ. ಅಂಗಡಿಯ ಹತ್ತಿರ ಬಂದು ಹೋಗು ಎಂದಷ್ಟೇ ಬಸವಪ್ರಸಾದರು ಹೇಳಿದರು.

ಅವರ ಗೊಬ್ಬರದಂಗಡಿ ಚಾಮರಾಜನಗರದಲ್ಲಿದೆ. ಮಾದಪ್ಪ ಸಂಜೆ ನಾಲ್ಕಕ್ಕೆ ಹೋದಾಗ ಅಲ್ಲಿ ಕಾಲೇಜಿನ ಇತಿಹಾಸದ ಮೇಡಂ ನಯನಾ ಕೂತಿದ್ದರು. ಮೂವತ್ತು ದಾಟದ ವಯಸ್ಸು, ಈ ವರ್ಷವೇ ಸಮಿತಿಗೆ ಸೇರಿದವರು. ಅವರು ಎದ್ದು ತಮ್ಮ ಕುರ್ಚಿ ತೋರಿಸಿದರು. ಮಾದಪ್ಪ ಬೇಡವೆಂದು ತಲೆಯಾಡಿಸಿ ಗೊಬ್ಬರದ ಮೂಟೆಗಳಿಗೆ ಒರಗಿ ನಿಂತರು. ಆ ಅಂಗಡಿಯಲ್ಲಿ ಅವರು ಎಂದೂ ಕೂತಿಲ್ಲ.

"ಈ ಸಾರಿ ವಸಿ ಬದಲಾವಣೆ ಅದೆ ಕಣಪ್ಪ," ಎಂದರು ಬಸವಪ್ರಸಾದರು. "ಮೇಡಂ ಹೇಳ್ತಾರೆ, ಕೇಳು."

ನಯನಾ ನಿಧಾನವಾಗಿ ವಿವರಿಸಿದರು. ಊರಿಗೆ ಹೆಸರಿಟ್ಟದ್ದು ಚಾಮರಾಜ ಒಡೆಯರಲ್ಲ. ಚಾಮರಾಜರು ಅರಿಕುಠಾರದಲ್ಲಿ ಹುಟ್ಟಿದವರು. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷವಾದ ಮೇಲೆ ಮಗ ಮುಮ್ಮಡಿ ಕೃಷ್ಣರಾಜರು ತಂದೆಯ ನೆನಪಿಗಾಗಿ ಅವರ ಹೆಸರನ್ನು ಊರಿಗೆ ಇಟ್ಟರು. ಆಗ ಮಗನಿಗೆ ಇಪ್ಪತ್ತನಾಲ್ಕು ವರ್ಷ. ಮೊದಲ ವರ್ಷ ಮಾತು ಬರೆದುಕೊಟ್ಟವರು ಊರಿನ ಹೆಸರು ನೋಡಿ ಅದೇ ರಾಜ ಎಂದುಕೊಂಡಿದ್ದಾರೆ. ಆಮೇಲೆ ಯಾರೂ ತಿದ್ದಿಲ್ಲ.

ಮಾದಪ್ಪ ಒರಗಿದ್ದ ಮೂಟೆಯಿಂದ ಬೆನ್ನು ತೆಗೆದರು.

"ಅಂಗಾರೆ ಎಂಟು ವರ್ಸ ಸತ್ತೋರು ಎದ್ದು ಬಂದು, ತಮ್ ಎಸ್ರನ್ನ ತಾವೇ ಊರ್ಗೆ ಮಡಗವ್ರೆ ಅನ್ನಿ."

ನಯನಾಗೆ ನಗು ಬಂತು. ಅವರ ಮುಖ ನೋಡಿ ನಿಲ್ಲಿಸಿಕೊಂಡರು. "ತಪ್ಪು ನಿಮ್ಮದಲ್ಲ ಯಜಮಾನ್ರೇ."

"ಅದು ಗೊತ್ತು ಕಣವ್ವ." ನಂತರ ಬಸವಪ್ರಸಾದರ ಕಡೆ ತಿರುಗಿ, "ಮಗನ ಪಾರ್ಟು ಯಾರ್ಗೆ ಬುದ್ದಿ?" ಎಂದರು.

"ನಮ್ಮ ಸೋಮೇಶ ಮಾಡ್ತಾನೆ. ವಯಸ್ಸೂ ಸರಿಹೋಯ್ತದೆ."

ಸೋಮೇಶ ಬಸವಪ್ರಸಾದರ ತಮ್ಮನ ಮಗ. ನಯನಾ ಥಟ್ಟನೆ ತಲೆ ಎತ್ತಿದರು. ಕಾಲೇಜಿನ ಹುಡುಗರಲ್ಲಿ ಯಾರನ್ನಾದರೂ ಆರಿಸೋಣ ಎಂದು ಅವರು ಸಭೆಯಲ್ಲಿ ಹೇಳಿದ್ದರು. ಹತ್ತು ವರ್ಷದ ಹಿಂದೆ ಮನೆತನಗಳ ನಡುವೆ ನಡೆದ ಜಗಳ ಅವರಿಗೆ ತಿಳಿದಿರಲಿಲ್ಲ. ಆ ಮನೆತನಗಳಲ್ಲಿ ಈಗ ಮೂರು ಬೆಂಗಳೂರಿಗೆ ಹೋಗಿದ್ದವು, ಉಳಿದವಕ್ಕೆ ಜಗಳದಲ್ಲಿ ಉತ್ಸಾಹ ಉಳಿದಿರಲಿಲ್ಲ ಎಂಬುದೂ ತಿಳಿದಿರಲಿಲ್ಲ.

ತೀರಿಹೋದ ತಂದೆಯ ಭಾವಚಿತ್ರವನ್ನು ಪಲ್ಲಕ್ಕಿಯಲ್ಲಿ ತರುವುದು, ಮಗ ಮೊದಲು ಅದಕ್ಕೆ ನಮಸ್ಕರಿಸುವುದು, ಆಮೇಲೆ ಊರ ಪ್ರಮುಖರು ನಮಸ್ಕರಿಸುವುದು ಎಂದು ನಯನಾ ಹೊಸದಾಗಿ ಬರೆದಿದ್ದರು. ಮಾದಪ್ಪನವರಿಗೆ ವೇದಿಕೆಯಲ್ಲಿ ಶಾಲು ಹೊದಿಸುವುದೆಂದು, ಗಂಡ ಹೆಂಡತಿಗೆ ಮೊದಲ ಸಾಲಿನಲ್ಲಿ ಕುರ್ಚಿ ಎಂದು ಬಸವಪ್ರಸಾದರು ಸೇರಿಸಿದರು. ಆಗಲಿ ಬುದ್ದಿ ಎಂದು ಮಾದಪ್ಪ ಹೊರಟರು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಸೋಮೇಶಪ್ಪನಿಗೆ ಕುದುರೆ ಏರಿ ರೂಢಿಯಿದೆಯೇ ಎಂದು ಕೇಳಿದರು. ಕಲಿತುಕೊಳ್ಳುತ್ತಾನೆ ಎಂದರು ಬಸವಪ್ರಸಾದರು.

ಉಡಿಗಾಲಕ್ಕೆ ಬಂದಾಗ ಚಾಮುಂಡಿ ಬಾಗಿಲ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದರು.

"ಒಳ್ಳೇದಾಯ್ತು ಬುಡು. ಅಷ್ಟೊತ್ತು ಕೂತು ಕೂತು ಸೊಂಟ ಬಿದ್ದೋಗದು." ಇನ್ನೊಂದು ಹಿಡಿ ಕಾಯಿ ಮುಗಿದ ಮೇಲೆ ಹೇಳಿದರು: "ಆದ್ರೂ ವರ್ಸಕ್ಕೆ ಒಂದಿನ ಯಾರೂ ನಂಗೆ ಎದ್ದೇಳು ಅಂತಿರ್ನಿಲ್ಲ."

ಮೀಸೆ ತೆಗೆಸುತ್ತೀಯಾ ಎಂದು ಕೇಳಿದರು. ನೋಡನ ಎಂದರು ಮಾದಪ್ಪ. ತೆಗೆಸಲಿಲ್ಲ. ಹದಿನಾರು ಕಿಲೊ ಜರಿಯ ಉಡುಪು, ಬಾಡಿಗೆ ಕುದುರೆ, ನೆತ್ತಿಯ ಬಿಸಿಲು, ನಾನೂರು ಫೋಟೊ, ಅಳುವ ಕೂಸುಗಳು. ಕಳೆದ ಎರಡು ವರ್ಷ ಹಬ್ಬ ಮುಗಿದ ರಾತ್ರಿ ಅವರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ಇದೇ ಕಡೆ, ಇನ್ನು ಆಗದು ಎಂದಿದ್ದರು. ತಾವಾಗಿ ಬಿಡುವುದು ಬೇರೆ. ಈಗ ಬಿಡಬೇಕಾಗಿ ಬಂದಾಗ ಅವರಿಗೆ ನೆನಪಾದದ್ದು ಕುದುರೆಯಲ್ಲ, ಸಿಂಹಾಸನವಲ್ಲ. ರಾಜಸಭೆಯಲ್ಲಿ ಬಸವಪ್ರಸಾದರು ಹಣ್ಣಿನ ತಟ್ಟೆ ಹಿಡಿದು ಬಂದು ಬಗ್ಗುವ ಗಳಿಗೆ.

ಬಸವಪ್ರಸಾದರ ಮನೆಯ ಜಗಲಿಯ ಕೆಳಗೆ ಮಾದಪ್ಪನವರ ತಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಮಾದಪ್ಪ ಈಗಲೂ ಹಾಗೆಯೇ ನಿಲ್ಲುತ್ತಾರೆ, ಯಾರೂ ಚಪ್ಪಲಿ ಬಿಡು ಎನ್ನದಿದ್ದರೂ. ವರ್ಷದಲ್ಲಿ ಒಂದು ದಿನ, ಅರ್ಧ ನಿಮಿಷ, ಅದು ತಿರುಗುಮುರುಗಾಗುತ್ತಿತ್ತು. ನಾಟಕವೆಂದು ಅವರಿಗೆ ಗೊತ್ತಿತ್ತು. ಆದರೂ ಬಗ್ಗಿದ್ದು ಬೆನ್ನು ತಾನೆ.

ಗುರುವಾರ ಸಂಜೆ ಸೋಮೇಶ ಬೈಕಿನಲ್ಲಿ ಕೇರಿಗೆ ಬಂದ. ಅವನಿಗೆ ಘೋಷಣೆಯ ಮಾತು ಹೇಳಿಸಿಕೊಳ್ಳಬೇಕಿತ್ತು. ಮಾದಪ್ಪ ಮನೆಯಿಂದ ಕುರ್ಚಿ ತಂದಿಟ್ಟರು. ಅವನು ಕೂರದೆ ಬೈಕಿಗೆ ಒರಗಿ, ಕೈಯಲ್ಲಿದ್ದ ಹಾಳೆ ನೋಡಿ ಒಂದೇ ಉಸಿರಿಗೆ ಓದಿದ: "ಇಂದು ಮೊದಲ್ಗೊಂಡು ಅರಿಕುಠಾರವೆಂಬ ಈ ಪುರಕ್ಕೆ ನಮ್ಮ ತೀರ್ಥರೂಪರ ನೆನಪಿಗಾಗಿ ಚಾಮರಾಜನಗರವೆಂದು ಹೆಸರಾಗತಕ್ಕದ್ದು."

"ಬಸ್ಸಿನ ಬೋರ್ಡು ಓದ್ದಂಗೆ ಆಯ್ತಲ್ಲ ಸೋಮೇಶಪ್ಪ," ಎಂದರು ಮಾದಪ್ಪ. "ನೆನಪಿಗಾಗಿ ಅಂದ್ಮೇಲೆ ನಿಲ್ಲಿ. ಒಂದುಸ್ರು. ಜನ ನಿಮ್ ಬಾಯ್ನೇ ನೋಡ್ಬೇಕು. ಆಮೇಲೆ ಎಸ್ರು."

ನಾಲ್ಕು ಸಲ ಹೇಳಿಸಿದರು. ನಾಲ್ಕನೆಯ ಸಲಕ್ಕೆ ಪಕ್ಕದ ಮನೆಯ ಹೆಂಗಸರೂ ಬಾಗಿಲಿಗೆ ಬಂದು ಕೇಳಿದರು. ಸೋಮೇಶ ಹಾಳೆ ಮಡಿಸಿ ಜೇಬಿಗೆ ಹಾಕಿದ. ಹೊರಡದೆ ನಿಂತ.

"ದೊಡ್ಡಪ್ಪ ಬಂದು ಮುಂದೆ ಬಗ್ದಾಗ ಏನ್ ಮಾಡದು ಮಾದಪ್ಪಣ್ಣ? ನಂಗೆ ನಗು ಬಂದ್ಬುಡ್ತದೆ."

ಮಾದಪ್ಪ ಖಾಲಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಇದು ಅವರು ಯಾರಿಗೂ ಹೇಳಿದ ವಿಷಯವಲ್ಲ.

"ಅವ್ರ ಮಕ ನೋಡ್ಬ್ಯಾಡಿ. ಮೊದಲ್ನೇ ವರ್ಸ ನಾನು ನೋಡ್ಬುಟ್ಟೆ, ಅವ್ರು ಅರ್ಧಕ್ಕೇ ನಿಂತ್ಬುಟ್ರು. ಎರಡ್ನೇ ವರ್ಸದಿಂದ ಅವ್ರ ತಲೆ ಮ್ಯಾಲಿಂದ ದೂರ ನೋಡ್ತೀನಿ, ಶಾಮಿಯಾನದ ಕಂಬ ನೋಡ್ತೀನಿ. ನಾವು ನೋಡ್ನಿಲ್ಲ ಅಂದ್ರೆ ಅವ್ರು ಪೂರ್ತಿ ಬಗ್ತಾರೆ."

ಬಾಗಿಲಲ್ಲಿದ್ದ ಚಾಮುಂಡಿ ತಲೆ ಎತ್ತಿ ಗಂಡನನ್ನು ನೋಡಿದರು. ಏನೋ ಹೇಳುವವರಂತೆ ಕಂಡರು. ಹೇಳದೆ ಅವರೆಕಾಯಿಯ ಸಿಪ್ಪೆ ಗುಡಿಸಿಕೊಂಡು ಒಳಗೆ ಹೋದರು.

ಹಬ್ಬದ ಭಾನುವಾರ ಗಂಡ ಹೆಂಡತಿ ಒಂಬತ್ತೂವರೆಗೆ ಮೈದಾನ ತಲುಪಿದರು. ಮೊದಲ ಸಾಲಿನ ಎರಡು ಕುರ್ಚಿಗಳ ಮೇಲೆ ಅವರ ಹೆಸರಿನ ಚೀಟಿ ಅಂಟಿಸಿತ್ತು. ನಯನಾ ಅವರೇ ಕರೆದುಕೊಂಡು ಹೋಗಿ ಕೂರಿಸಿದರು. ಹತ್ತೂಕಾಲಿಗೆ ಯಾರೋ ಅತಿಥಿಗಳು ಬಂದರೆಂದು ಸ್ವಯಂಸೇವಕರು ಅವರನ್ನು ಎಬ್ಬಿಸಿ ಎರಡನೇ ಸಾಲಿಗೆ ಕಳಿಸಿದರು. ಹನ್ನೊಂದಕ್ಕೆ ಬಹುಮಾನ ಕೊಟ್ಟವರ ಮನೆಯವರು ಬಂದರು. ಇಬ್ಬರೂ ಮೂರನೇ ಸಾಲಿನ ತುದಿಗೆ ಹೋದರು. ಅಲ್ಲಿ ಕೂತ ಮೇಲೆ ಚಾಮುಂಡಿ, "ಇನ್ನಾರ ಬತ್ತಾರಾ ನೋಡು, ಇಂದಕ್ಕೆ ಓಗನ," ಎಂದರು. ಮಾದಪ್ಪ ನಕ್ಕರು.

ಮೂರುಕಾಲಿನ ಓಟದಲ್ಲಿ ಒಂದು ಜೋಡಿ ಬಿದ್ದು ಎದ್ದು ಜಗಳವಾಡಿತು. ತಾತಂದಿರ ಪೇಟದ ಪಂದ್ಯದಲ್ಲಿ ಗೆದ್ದವರಿಗೆ ಪ್ರೆಷರ್ ಕುಕ್ಕರ್ ಕೊಟ್ಟರು. ಈ ಹಬ್ಬವನ್ನು ಮಾದಪ್ಪ ಎಂದೂ ನೋಡಿರಲಿಲ್ಲ. ಇಷ್ಟು ಹೊತ್ತಿಗೆ ಅವರು ಪ್ರತಿವರ್ಷ ಶಾಲೆಯ ಕೋಣೆಯೊಂದರಲ್ಲಿ ಉಸಿರು ಬಿಗಿಹಿಡಿದು ಜರಿಯ ಉಡುಪಿನ ಗುಂಡಿ ಹಾಕಿಸಿಕೊಳ್ಳುತ್ತಿರುತ್ತಿದ್ದರು.

ಹನ್ನೆರಡೂವರೆಗೆ ವಾಲಗದ ಸದ್ದು ಕೇಳಿತು. ಮೆರವಣಿಗೆ ಶಾಮಿಯಾನದ ಬಾಯಿಗೆ ಬಂತು. ಕುದುರೆಯ ಮೇಲೆ ಸೋಮೇಶ, ಬೆನ್ನು ನೆಟ್ಟಗೆ. ಅವನ ಮುಂದೆ ನಾಲ್ವರು ಹೊತ್ತ ಪಲ್ಲಕ್ಕಿ. ಜನ ಎದ್ದು ನಿಂತರು. ಕೆಲವರು ಕೈ ಮುಗಿದರು. ಪಲ್ಲಕ್ಕಿ ನಡುವಿನ ದಾರಿಯಲ್ಲಿ ಮೂರನೇ ಸಾಲಿನ ತುದಿಗೆ ಬಂದಾಗ ಚಾಮುಂಡಿ ಅದರೊಳಗಿನ ಚಿತ್ರ ನೋಡಿದರು.

ಎರಡು ಅಡಿಯ ಕಟ್ಟು ಹಾಕಿದ ಫೋಟೊ. ಪೇಟ, ಜರಿ, ಕೆನ್ನೆಗೇರಿದ ಮೀಸೆ. ಹಣೆಗೆ ಗಾಜಿನ ಮೇಲೆಯೇ ಕುಂಕುಮ ಇಟ್ಟಿದ್ದರು. ಸುತ್ತ ಸೇವಂತಿಗೆ ಹಾರ. ಮುಂದೆ ಊದುಬತ್ತಿ ಉರಿಯುತ್ತಿತ್ತು. ಅದು ಹಿಂದಿನ ಹಬ್ಬವೊಂದರಲ್ಲಿ ತೆಗೆಸಿದ ಮಾದಪ್ಪನವರ ಫೋಟೊ.

ಚಾಮರಾಜ ಒಡೆಯರ ಒಂದು ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿ ಕಟ್ಟು ಹಾಕಿಸಿ ಎಂದು ನಯನಾ ಫ್ಲೆಕ್ಸ್ ಅಂಗಡಿಯ ಸಾಗರ್‌ಗೆ ಫೋನಿನಲ್ಲಿ ಹೇಳಿದ್ದರು. ಸಾಗರ್ ಎಂಟು ವರ್ಷದಿಂದ ಹಬ್ಬದ ಕೆಲಸ ಮಾಡುತ್ತಿದ್ದವನು. ಅವನ ಕಂಪ್ಯೂಟರಿನಲ್ಲಿ ಆ ಹೆಸರಿನ ಫೋಟೊ ಇದ್ದದ್ದು ಒಂದೇ. ಬೆಳಿಗ್ಗೆ ಕಟ್ಟು ಬಂದಾಗ ಅದನ್ನು ಹೂವಿನಿಂದ ಸಿಂಗರಿಸಿದ ಹೆಂಗಸರು, ಪಲ್ಲಕ್ಕಿ ಹೊತ್ತವರು, ದಾರಿಯುದ್ದಕ್ಕೂ ಕೈ ಮುಗಿದವರು, ಯಾರಿಗೂ ತಪ್ಪು ಕಾಣಲಿಲ್ಲ. ಅವರಿಗೆ ಗೊತ್ತಿದ್ದ ಚಾಮರಾಜ ಒಡೆಯರು ಅವರೇ.

ಚಾಮುಂಡಿ ಎದ್ದು ದಾರಿಗೆ ಬಂದು ಪಲ್ಲಕ್ಕಿಯ ಕೊಂಬು ಹಿಡಿದು ನಿಲ್ಲಿಸಿದರು. ಇಳಿಸಿ ಎಂದರು. ಹೊತ್ತವರು ಏನೋ ಶಾಸ್ತ್ರವಿರಬೇಕೆಂದು ಇಳಿಸಿದರು. ಅವರು ಬಗ್ಗಿ ಊದುಬತ್ತಿಯನ್ನು ಮಣ್ಣಿಗೆ ಒತ್ತಿ ಆರಿಸಿದರು. ಹಾರ ತೆಗೆದರು. ಸೆರಗಿನ ತುದಿಯಿಂದ ಗಾಜಿನ ಮೇಲಿನ ಕುಂಕುಮ ಒರೆಸಿದರು. ವಾಲಗ ನಿಂತಿತು.

ಬಸವಪ್ರಸಾದರು ವೇದಿಕೆಯಿಂದ ಬೇಗಬೇಗ ಇಳಿದು ಬಂದರು. "ಏನಮ್ಮಿ ಇದು, ಎಲ್ಲರ ಮುಂದೆ?"

"ಬದ್ಕಿರೋರ್ಗೆ ಆರ ಆಕಿ ಮೆರುಸ್ತಾವ್ರೆ ಬುದ್ದಿ.‌ ಇದು ನನ್ ಗಂಡ."

ದನಿ ಏರಿರಲಿಲ್ಲ. ಬಸವಪ್ರಸಾದರು ಫೋಟೊ ನೋಡಿದರು, ಮೂರನೇ ಸಾಲಿನ ತುದಿಯಲ್ಲಿ ಎದ್ದು ನಿಂತಿದ್ದ ಮಾದಪ್ಪನವರನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಬಂತು. ನಯನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಂತರ ಚಾಮುಂಡಿಯ ಹತ್ತಿರ ಬಂದು, ಇದು ತಮ್ಮ ತಪ್ಪೇ ಎಂದು ಮೆಲ್ಲಗೆ ಹೇಳಿದರು.

ನಗು ನಿಲ್ಲುವ ಮೊದಲೇ ಬಸವಪ್ರಸಾದರಿಗೆ ಒಂದು ದಾರಿ ಹೊಳೆಯಿತು. ಸಭೆ ಹಾಳಾಗದಂತೆ ನೋಡಿಕೊಳ್ಳುವುದರಲ್ಲಿ ಅವರು ಪಳಗಿದವರು.

"ಮಾದಪ್ಪ, ಬಾರಪ್ಪ ಇಲ್ಲಿ. ಫೋಟೊ ಬದಲಿಗೆ ನೀನೇ ಬಂದು ಮೇಲೆ ಕೂತ್ಕೊಬುಡು. ಒಂದು ಪೇಟ, ಒಂದು ಶಾಲು ಹಾಕಿದ್ರೆ ಆಯ್ತು. ಸೋಮೇಶನೂ ಬಗ್ತಾನೆ, ನಾವೂ ಬಗ್ತೀವಿ."

ಪಾರ್ಟು ಕೈತಪ್ಪಿದ ಮೇಲೂ ಮೀಸೆಗೆ ಕತ್ತರಿ ಮುಟ್ಟಿಸದೆ ಕಾದದ್ದು ಈ ಮಾತಿಗೇ. ವೇದಿಕೆ ಇಪ್ಪತ್ತು ಹೆಜ್ಜೆ ದೂರ ಇತ್ತು. ಮಾದಪ್ಪ ವೇದಿಕೆ ನೋಡಿದರು, ಅದರ ಐದು ಮೆಟ್ಟಿಲು ನೋಡಿದರು. ಚಾಮುಂಡಿಯ ಕೈಯಲ್ಲಿ ಹಾರ ಇನ್ನೂ ಇತ್ತು. ಅದನ್ನು ಎಲ್ಲಿ ಹಾಕುವುದೆಂದು ಆಕೆಗೆ ತಿಳಿಯದೆ ಮಡಿಸಿ ಹಿಡಿದುಕೊಂಡಿದ್ದರು. ಈಗ ಕರೆದದ್ದು ಸತ್ತವರೊಬ್ಬರ ಪಾರ್ಟಿಗೆ ಎಂಬುದು ಮಾದಪ್ಪನವರಿಗೆ ಕಂಡಿತು. ಬಹಳ ನಿದ್ದೆ ಬಂದವರಂತೆ ಕಣ್ಣು ಉಜ್ಜಿಕೊಂಡರು.

"ಬ್ಯಾಡ ಬುದ್ದಿ. ಮೇಡಂನೋರು ಬರ್ದಂಗೇ ನಡೀಲಿ. ಫೋಟೊನೇ ಇರ್ಲಿ. ಆರ ಮಾತ್ರ ಬ್ಯಾಡ."

ಬಸವಪ್ರಸಾದರು ಇನ್ನೊಮ್ಮೆ ಕರೆಯಲಿಲ್ಲ. ಪಲ್ಲಕ್ಕಿ ಮೇಲೆದ್ದಿತು. ಹಾರವಿಲ್ಲದ ಫೋಟೊವನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಒರಗಿಸಿದರು. ವಾಲಗದವರು ಬಿಟ್ಟಲ್ಲಿಂದ ಶುರುಮಾಡಿದರು.

ಮೊದಲು ಸೋಮೇಶ ಬಂದ. ಫೋಟೊದ ಮುಂದೆ ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿದ. ಹಾಳೆಯಲ್ಲಿ ಅಷ್ಟು ಬರೆದಿರಲಿಲ್ಲ. ಕುದುರೆಯ ಮೇಲಿಂದ ಅವನು ಎಲ್ಲವನ್ನೂ ನೋಡಿದ್ದ. ಆಮೇಲೆ ಹಣ್ಣಿನ ತಟ್ಟೆ ಹಿಡಿದು ಬಸವಪ್ರಸಾದರು ಬಂದರು. ಮೂರನೇ ಸಾಲಿನ ತುದಿಯಿಂದ ವೇದಿಕೆ ಪಕ್ಕವಾಗಿ ಕಾಣುತ್ತಿತ್ತು. ಮಾದಪ್ಪ ಈ ಸಲ ಕಂಬ ನೋಡಲಿಲ್ಲ. ಬಸವಪ್ರಸಾದರು ತಟ್ಟೆಯನ್ನು ಮುಂದಿನ ಸ್ಟೂಲಿನ ಮೇಲೆ ಇಟ್ಟರು. ಬಲಗೈಯನ್ನು ತಮ್ಮ ಎದೆಗೆ ತಾಗಿಸಿಕೊಂಡರು. ಕತ್ತು ಒಂದಿಷ್ಟು ಮುಂದೆ ಬಂದು ಹಿಂದೆ ಹೋಯಿತು. ಬೆನ್ನು ಇದ್ದಂತೆಯೇ ಇತ್ತು. ಅಭ್ಯಾಸವಾದ ಕೆಲಸದಂತೆ ಅದು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮಾದಪ್ಪ ಹೆಂಡತಿಯ ಕಡೆ ತಿರುಗಿದರು. ಎಂಟು ಸಲವೂ ಆಕೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು. ಮಾತಿಲ್ಲದ ಪಾರ್ಟು, ನೋಡುವುದೊಂದೇ ಕೆಲಸ.

"ಯಾವಾಗ್ಲೂ ಇಷ್ಟೇಯಾ?"

"ಇಷ್ಟೇಯಾ."

"ಪೂರ್ತಿ ಬಗ್ತಾರೆ ಅಂತಿದ್ನಲ್ಲ ನಾನು."

"ಅಂತಿದ್ದೆ." ಚಾಮುಂಡಿ ಹಾರವನ್ನು ಕುರ್ಚಿಯ ಕೆಳಗೆ ಇಟ್ಟರು. "ಅನ್ಕಳ್ಲಿ ಅಂತ ಸುಮ್ನಿದ್ದೆ."

ವೇದಿಕೆಯ ಮೇಲೆ ಸೋಮೇಶ ಘೋಷಣೆಗೆ ನಿಂತಿದ್ದ. ನೆನಪಿಗಾಗಿ ಎಂದು ಹೇಳಿ ನಿಲ್ಲಿಸಿದ. ಒಂದು ಉಸಿರು. ಮೈದಾನವೆಲ್ಲ ಅವನ ಬಾಯಿ ನೋಡಿತು. ಆಮೇಲೆ ಹೆಸರು ಹೇಳಿದ. ಚಪ್ಪಾಳೆ ಜೋರಾಗಿ ಬಂತು. ಮಾದಪ್ಪನವರೂ ತಟ್ಟಿದರು. ಉಸಿರು ಬಿಟ್ಟ ಜಾಗ ಸರಿಯಾಗಿತ್ತು.

ಶಾಲಿನ ಕಾರ್ಯಕ್ರಮ ಫೋಟೊಗಳ ನಂತರ ಎಂದು ಮೈಕಿನಲ್ಲಿ ಹೇಳಿದರು. ರಾಜರ ಜೊತೆ ಫೋಟೊ ತೆಗೆಸಲು ಜನ ಸಾಲು ನಿಂತರು. ಒಂದು ಮಗು ಸೋಮೇಶನನ್ನು ನೋಡಿ ಇವನು ರಾಜನಲ್ಲ ಎಂದು ಹಟ ಹಿಡಿಯಿತು. ಸಾಲು ಶಾಮಿಯಾನ ದಾಟಿ ರಸ್ತೆ ಮುಟ್ಟಿದ್ದನ್ನು ನೋಡಿ, ಅದು ಮುಗಿಯುವುದು ಐದಕ್ಕೆ ಎಂದು ಅನುಭವದಿಂದ ತಿಳಿದಿದ್ದ ಮಾದಪ್ಪ ಎದ್ದರು. ಮೂರೂಕಾಲಿಗೆ ಉಡಿಗಾಲದ ಬಸ್ಸು. ಗೇಟಿನ ಹತ್ತಿರ ನಯನಾ ಓಡಿ ಬಂದು ನ್ಯೂಸ್‌ಪೇಪರ್ ಸುತ್ತಿದ ಫೋಟೊ ಕೊಟ್ಟರು. ಇದು ನಿಮ್ಮ ಹತ್ತಿರವೇ ಇರಲಿ ಎಂದರು. ಮುಂದಿನ ವರ್ಷಕ್ಕೆ ಅರಸರ ಸರಿಯಾದ ಚಿತ್ರ ತಾವೇ ಹುಡುಕಿ ತರುವುದಾಗಿ ಹೇಳಿದರು.

ಕುಂಕುಮ ಕಂಡ ಫೋಟೊವನ್ನು ಗೋಡೆಗೆ ಹಾಕಲು ಚಾಮುಂಡಿ ಒಪ್ಪಲಿಲ್ಲ. ಅಟ್ಟದ ಮೇಲೆ ಖಾಲಿ ಚೀಲಗಳ ಹಿಂದೆ ಇಟ್ಟರು. ಅದೇ ಸಂಜೆ ಮಾದಪ್ಪ ಊರಿನ ಕಟಿಂಗ್ ಅಂಗಡಿಗೆ ಹೋಗಿ ಮೀಸೆ ಸಣ್ಣದು ಮಾಡಿಸಿಕೊಂಡರು. ಮುಖ ಚಿಕ್ಕದಾದಂತೆ ಕಂಡಿತು ಎಂದು ಚಾಮುಂಡಿ ಹೇಳಿದರು.

ಸೋಮವಾರ ಕ್ಯಾಲಿಕಟ್ಟಿಗೆ ಎರಡು ಲಾರಿ ಲೋಡು ಇತ್ತು. ಬೇಗ ಬರಬೇಕೆಂದು ಶಿವಮಲ್ಲು ರಾತ್ರಿಯೇ ಫೋನು ಮಾಡಿದ್ದ. ಮಾದಪ್ಪ ಬೆಳಿಗ್ಗೆ ಐದೂಮುಕ್ಕಾಲರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದರು.